ಪೈಥಾನ್‌ನಲ್ಲಿ ಫೈಲ್ ಓದಲು, ಬರೆಯಲು, ಮುಚ್ಚಲು: ಯಾವ ದಾರಿ ಯಾವಾಗ?

ಪೈಥಾನ್‌ನಲ್ಲಿ ಒಂದು ಫೈಲ್ ಓದಬೇಕೆಂದರೆ ಕಡಿಮೆಯೆಂದರೂ ನಾಲ್ಕು ದಾರಿಗಳಿವೆ. ಓಪನ್ ಮಾಡಿ, ಓದಿ, ಕೈಯಾರೆ ಕ್ಲೋಸ್ ಮಾಡಬಹುದು. ಅದನ್ನೇ, ಎರರ್ ಬಂದರೂ ಕ್ಲೋಸ್ ತಪ್ಪದಂತೆ, ಟ್ರೈ ಮತ್ತು ಫೈನಲಿ ಒಳಗೆ ಇಡಬಹುದು. ವಿತ್ ಬಳಸಿ ಮುಚ್ಚುವ ಹೊಣೆಯನ್ನು ಭಾಷೆಗೇ ಒಪ್ಪಿಸಬಹುದು. ಇಲ್ಲವೇ ಪೈಥಾನ್ ಜೊತೆಗೇ ಬರುವ ಪಾತ್‌ಲಿಬ್ ಮಾಡ್ಯೂಲಿನ ರೀಡ್-ಟೆಕ್ಸ್ಟ್ ಕರೆದು, ತೆರೆಯುವ ಮುಚ್ಚುವ ಗೊಡವೆಯೇ ಇಲ್ಲದೆ ಒಂದೇ ಸಾಲಿನಲ್ಲಿ ಮುಗಿಸಬಹುದು. ಹತ್ತು ಸಾಲಿನ ಫೈಲ್ ಇಟ್ಟುಕೊಂಡು ನೋಡಿದರೆ ನಾಲ್ಕರಿಂದಲೂ ಸಿಗುವುದು ಒಂದೇ. ಅದಕ್ಕೇ ಇರಬೇಕು, ಕಲಿಸುವವರೂ ಯಾವುದರಲ್ಲಿ ಸಾಲು ಕಡಿಮೆ ಎಂಬ ಲೆಕ್ಕ ಹೇಳಿ ಈ ವಿಷಯ ಮುಗಿಸಿಬಿಡುತ್ತಾರೆ.

ಡಿಸ್ಕ್ ತುಂಬಿದಾಗ, ನಡುವೆ ಎರರ್ ಬಂದಾಗ, ಕರೆಂಟ್ ಹೋದಾಗ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ನೋಡಿಯೇ ದಾರಿ ಆರಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಹಾಗೆ ನೋಡಿದರೆ ಓದುವುದಕ್ಕೂ ಬರೆಯುವುದಕ್ಕೂ ಅಜಗಜಾಂತರ. ಓದುವಾಗ ತಪ್ಪಿದರೆ ಇನ್ನೊಮ್ಮೆ ಓದಬಹುದು. ಬರೆಯುವಾಗ ತಪ್ಪಿದರೆ ಮೊದಲಿದ್ದದ್ದೂ ಹೋಗಬಹುದು.

ಕ್ಲೋಸ್ ಬರೆಯದಿದ್ದರೆ ಏನಾಗುತ್ತದೆ

"ನಾನು ಕ್ಲೋಸ್ ಬರೆಯುವುದೇ ಇಲ್ಲ, ಇಷ್ಟು ವರ್ಷ ಏನೂ ಆಗಿಲ್ಲ" ಎನ್ನುವವರು ಬಹಳ ಮಂದಿ ಸಿಗುತ್ತಾರೆ. ಅವರು ಹೇಳುವುದು ನಿಜವೇ. ನಮ್ಮಲ್ಲಿ ಹೆಚ್ಚಿನವರು ಬಳಸುವ ಪೈಥಾನ್, ಅಂದರೆ ಸಿಪೈಥಾನ್, ಪ್ರತಿಯೊಂದು ಆಬ್ಜೆಕ್ಟನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂದು ಎಣಿಸುತ್ತಿರುತ್ತದೆ. ಎಣಿಕೆ ಸೊನ್ನೆಗೆ ಇಳಿದ ಕೂಡಲೇ ಅದನ್ನು ತೆಗೆದುಹಾಕುತ್ತದೆ. ಅದು ಫೈಲ್ ಆಗಿದ್ದರೆ ತೆಗೆಯುವ ಮುಂಚೆ ಮುಚ್ಚುತ್ತದೆ. ಫಂಕ್ಷನ್ ಮುಗಿಯುತ್ತಲೇ ಫೈಲೂ ತಾನಾಗಿ ಮುಚ್ಚಿಕೊಂಡಂತೆ ಕಾಣುವುದು ಇದರಿಂದ.

ಆದರೆ ಹೀಗೇ ಆಗುತ್ತದೆ ಎಂದು ಪೈಥಾನ್ ಭಾಷೆ ಎಲ್ಲೂ ಮಾತು ಕೊಟ್ಟಿಲ್ಲ. ಇದು ಸಿಪೈಥಾನ್‌ನ ಒಳಗಿನ ಏರ್ಪಾಡು ಅಷ್ಟೇ. ಅದೇ ಪ್ರೋಗ್ರಾಮನ್ನು ಪೈಪೈನಲ್ಲಿ (ಪೈಥಾನ್ ಓಡಿಸುವ ಇನ್ನೊಂದು ತಂತ್ರಾಂಶ) ಓಡಿಸಿದರೆ, ಬೇಡವಾದ ಆಬ್ಜೆಕ್ಟುಗಳನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್‌ನ ಸರದಿ ಬರುವವರೆಗೂ ಫೈಲ್ ತೆರೆದೇ ಇರುತ್ತದೆ. ಸಿಪೈಥಾನ್‌ನಲ್ಲೂ ಫೈಲನ್ನು ಒಂದು ಲಿಸ್ಟಿನೊಳಗೋ ಕ್ಲಾಸಿನೊಳಗೋ ಇಟ್ಟುಕೊಂಡಿದ್ದರೆ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ. ಒಂದು ಪ್ರೋಸೆಸ್ ಒಮ್ಮೆಗೆ ತೆರೆದಿಡಬಹುದಾದ ಫೈಲುಗಳಿಗೆ ಮಿತಿಯಿದೆ: ಬಹುತೇಕ ಲಿನಕ್ಸ್‌ಗಳಲ್ಲಿ 1024, ಮ್ಯಾಕ್‌ನಲ್ಲಿ 256. ಫೋಲ್ಡರಿನಲ್ಲಿರುವ ಸಾವಿರಾರು ಫೈಲುಗಳನ್ನು ಒಂದೊಂದಾಗಿ ತೆರೆಯುತ್ತ ಹೋಗುವ ಪ್ರೋಗ್ರಾಂ, ಪರೀಕ್ಷೆ ಮಾಡಿದಾಗ ಚೆನ್ನಾಗಿದ್ದು, ನಿಜವಾದ ಫೋಲ್ಡರಿನ ಮೇಲೆ ಓಡಿಸಿದಾಗ 24ನೇ ಎರರ್ ಕೊಟ್ಟು ನಿಲ್ಲುವುದು ಈ ಕಾರಣಕ್ಕೆ.

ಇದಾದರೂ ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಇನ್ನೊಂದಿದೆ, ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಅದೇ. ನಿಮ್ಮಲ್ಲಿ ಲಿನಕ್ಸ್ ಇದ್ದರೆ ಈಗಲೇ ನೋಡಬಹುದು. ಲಿನಕ್ಸ್‌ನ ಡೆವ್ ಫೋಲ್ಡರಿನಲ್ಲಿ ಫುಲ್ ಎಂಬ ಹೆಸರಿನ ಹುಸಿ ಡಿವೈಸ್ ಒಂದಿದೆ. ಅದಕ್ಕೆ ಏನನ್ನು ಬರೆಯಹೋದರೂ ಡಿಸ್ಕ್ ತುಂಬಿದೆ ಎಂಬ ಉತ್ತರವೇ ಬರುತ್ತದೆ. ಅದನ್ನು ಬರೆಯುವ ಮೋಡ್‌ನಲ್ಲಿ ತೆರೆದು, ಅದೇ ಸಾಲಿನಲ್ಲಿ ರೈಟ್ ಕರೆದು, ಕ್ಲೋಸ್ ಮಾಡದೆ ಬಿಡಿ. ರೈಟ್ ತಾನು ಇಷ್ಟು ಅಕ್ಷರ ಬರೆದೆ ಎಂದು ಸಂಖ್ಯೆ ಕೊಡುತ್ತದೆ. ಪೈಥಾನ್ 3.12ರವರೆಗೆ ಅಲ್ಲಿಗೆ ಮುಗಿಯಿತು: ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಬರೆದದ್ದು ಎಲ್ಲೂ ಇಲ್ಲ. 3.13ರಿಂದ ತೆರೆಯ ಮೇಲೆ ಒಂದು ದೂರು ಮೂಡುತ್ತದೆ, ಆದರೆ ಪ್ರೋಗ್ರಾಂ ನಿಲ್ಲದೆ ಮುಂದಿನ ಸಾಲಿಗೆ ಹೋಗುತ್ತದೆ. ಅದೇ ಕೆಲಸವನ್ನು ವಿತ್ ಬ್ಲಾಕಿನೊಳಗೆ ಮಾಡಿ ನೋಡಿ. ಬ್ಲಾಕ್ ಮುಗಿಯುವಲ್ಲಿ 28ನೇ ಎರರ್, ಡಿಸ್ಕ್‌ನಲ್ಲಿ ಜಾಗವಿಲ್ಲ, ಎಂದು ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಕಾರಣ ಬಫರ್. ರೈಟ್ ಎಂದರೆ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದ ಹಾಗೆ, ತಲುಪಿಸುವುದು ಆಮೇಲೆ. ಪ್ರತಿ ಸಣ್ಣ ತುಣುಕಿಗೂ ಆಪರೇಟಿಂಗ್ ಸಿಸ್ಟಂ ಅನ್ನು ಕರೆದರೆ ನಿಧಾನವಾಗುತ್ತದೆಂದು ಪೈಥಾನ್ ಕೆಲವು ಕಿಲೋಬೈಟ್ ಕೂಡುವವರೆಗೆ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಸಣ್ಣ ಫೈಲಾದರೆ ಎಲ್ಲವೂ ಹೊರಬೀಳುವುದು ಕ್ಲೋಸ್ ಆಗುವಾಗಲೇ. ಅಂದಮೇಲೆ ಡಿಸ್ಕ್ ತುಂಬಿದ ಸುದ್ದಿ ಬರುವುದೂ ಆಗಲೇ. ಕ್ಲೋಸ್ ಅನ್ನು ನೀವು ಕರೆದಿದ್ದರೆ, ಅಥವಾ ವಿತ್ ಕರೆದಿದ್ದರೆ, ಆ ಸುದ್ದಿ ನಿಮಗೆ ಮುಟ್ಟುತ್ತದೆ. ಆಬ್ಜೆಕ್ಟನ್ನು ತೆಗೆದುಹಾಕುವ ಹೊತ್ತಿನಲ್ಲಿ ಬಂದ ಎರರ್ ಅನ್ನು ಹಿಡಿಯಲು ನಿಮ್ಮ ಕೋಡ್‌ನಲ್ಲಿ ಯಾವ ಸಾಲೂ ಇರುವುದಿಲ್ಲ.

ಹಾಗಾಗಿ ಓದುವ ಫೈಲನ್ನು ಮುಚ್ಚಲು ಮರೆತ ಕೋಡ್ ಕಂಡರೆ ನಾನು ತಿದ್ದಿ ಎನ್ನುತ್ತೇನೆ. ಬರೆಯುವ ಫೈಲನ್ನು ಮುಚ್ಚದ ಕೋಡ್ ಕಂಡರೆ ತಿದ್ದುವವರೆಗೂ ಓಡಿಸಬೇಡಿ ಎನ್ನುತ್ತೇನೆ.

ಫೈನಲಿಯೋ, ವಿತ್ತೋ

ವಿತ್ ಬರುವ ಮುಂಚೆ ಫೈನಲಿಯೇ ಗತಿಯಾಗಿತ್ತು. 2006ರಲ್ಲಿ ಬಿಡುಗಡೆಯಾದ ಪೈಥಾನ್ 2.5ರಲ್ಲಿ ವಿತ್ ಮೊದಲು ಸೇರಿತು. ಆಗ ಫ್ಯೂಚರ್ ಇಂಪೋರ್ಟ್ ಮಾಡಿಕೊಂಡು ಬಳಸಬೇಕಿತ್ತು. 2008ರ 2.6ರಿಂದ ನೇರವಾಗಿ ಸಿಗುತ್ತಿದೆ. ಈಗ ಬಾಯಲ್ಲಿ ಓದುವುದಾದರೆ ಸಾಲು ಹೀಗಿರುತ್ತದೆ: ವಿತ್ ಓಪನ್, ಆವರಣದೊಳಗೆ ಫೈಲಿನ ಹೆಸರು ಮತ್ತು ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ), ಆಮೇಲೆ ಆ್ಯಸ್ ಎಫ್, ಕೊನೆಗೆ ಕೋಲನ್. ಅದರ ಕೆಳಗೆ ಒಳಸರಿದ ಸಾಲುಗಳು ಮುಗಿದರೂ ಸರಿ, ನಡುವೆ ರಿಟರ್ನ್ ಆದರೂ ಸರಿ, ಎರರ್ ಬಂದರೂ ಸರಿ, ಫೈಲ್ ಮುಚ್ಚುತ್ತದೆ.

ಇವತ್ತು ಫೈಲಿಗಾಗಿ ಟ್ರೈ–ಫೈನಲಿ ಬರೆಯಬೇಕಾದ ಸಂದರ್ಭ ನನಗೆ ತೋಚುತ್ತಿಲ್ಲ. ಅದರಲ್ಲಿ ಎಡವಲು ಜಾಗವೂ ಇದೆ: ಓಪನ್ ಅನ್ನು ಟ್ರೈ ಒಳಗೇ ಇಟ್ಟರೆ, ಫೈಲ್ ಇಲ್ಲದಿದ್ದಾಗ ಹೆಸರೇ ಹುಟ್ಟಿರುವುದಿಲ್ಲ, ಫೈನಲಿಯಲ್ಲಿರುವ ಕ್ಲೋಸ್ ಇನ್ನೊಂದು ಎರರ್ ಎಬ್ಬಿಸುತ್ತದೆ. ಹಳೆಯ ಕೋಡ್ ಓದಲು ಗೊತ್ತಿದ್ದರೆ ಸಾಕು.

ಕೈಯಾರೆ ಕ್ಲೋಸ್ ಮಾಡುವುದಕ್ಕೆ ಮಾತ್ರ ಈಗಲೂ ಜಾಗವಿದೆ. ಫೈಲಿನ ಆಯುಷ್ಯ ಒಂದು ಬ್ಲಾಕಿಗಿಂತ ದೊಡ್ಡದಾಗಿದ್ದಾಗ, ಉದಾಹರಣೆಗೆ ಒಂದು ಕ್ಲಾಸ್ ಶುರುವಿನಲ್ಲಿ ಲಾಗ್ ಫೈಲ್ ತೆರೆದು ದಿನವಿಡೀ ಅದಕ್ಕೆ ಬರೆಯುತ್ತಿದ್ದಾಗ, ವಿತ್ ಹೊಂದುವುದಿಲ್ಲ. ಆಗ ಆ ಕ್ಲಾಸಿಗೇ ಎಂಟರ್, ಎಕ್ಸಿಟ್ ಮೆಥಡ್‌ಗಳನ್ನು ಬರೆದರೆ, ಬಳಸುವವರು ಆ ಕ್ಲಾಸನ್ನೇ ವಿತ್ ಒಳಗೆ ಇಡಬಹುದು.

ವಿತ್‌ನಲ್ಲಿ ಹೊಸಬರು ಮತ್ತೆಮತ್ತೆ ಸಿಕ್ಕಿಬೀಳುವ ಜಾಗ ಒಂದಿದೆ. ಬ್ಲಾಕಿನೊಳಗೆ ಜನರೇಟರ್ ಎಕ್ಸ್‌ಪ್ರೆಶನ್ ಒಂದನ್ನು ಕಟ್ಟಿ ರಿಟರ್ನ್ ಮಾಡುತ್ತಾರೆ. ಜನರೇಟರ್ ಸೋಮಾರಿ, ಯಾರಾದರೂ ಕೇಳುವವರೆಗೆ ಒಂದು ಸಾಲನ್ನೂ ಓದುವುದಿಲ್ಲ. ಹೊರಗೆ ಫಾರ್ ಲೂಪಿನಲ್ಲಿ ಕೇಳುವ ಹೊತ್ತಿಗೆ ಬ್ಲಾಕ್ ಮುಗಿದಿದೆ, ಫೈಲ್ ಮುಚ್ಚಿದೆ, ಮುಚ್ಚಿದ ಫೈಲನ್ನು ಓದಲಾಗದು ಎಂಬ ವ್ಯಾಲ್ಯೂ ಎರರ್ ಬರುತ್ತದೆ. ಬ್ಲಾಕಿನೊಳಗೇ ಲಿಸ್ಟ್ ಮಾಡಿಕೊಳ್ಳಿ, ಇಲ್ಲವೇ ವಿತ್ ಅನ್ನೂ ಲೂಪನ್ನೂ ಒಳಗೊಂಡು ಯೀಲ್ಡ್ ಮಾಡುವ ಫಂಕ್ಷನ್ ಬರೆಯಿರಿ.

ರೂಬಿಯಿಂದ ಬಂದವರಿಗೆ ಇದೆಲ್ಲ ಹೊಸದೇನಲ್ಲ. ಅಲ್ಲಿ ಫೈಲ್ ಓಪನ್‌ಗೆ ಬ್ಲಾಕ್ ಕೊಟ್ಟರೆ ಬ್ಲಾಕ್ ಮುಗಿದಾಗ ಫೈಲ್ ಮುಚ್ಚುತ್ತದೆ, ಅದಕ್ಕೆ ಬೇರೆ ಕೀವರ್ಡ್ ಕೂಡ ಬೇಕಿಲ್ಲ. ನನಗೆ ಆ ವಿನ್ಯಾಸ ತುಂಬ ಇಷ್ಟ.

ಒಂದೇ ಸಾಲಿನ ದಾರಿ: ಪಾತ್‌ಲಿಬ್

ಪಾತ್‌ಲಿಬ್ 2014ರ ಪೈಥಾನ್ 3.4ರಲ್ಲಿ ಬಂತು. ಅದರ ರೀಡ್-ಟೆಕ್ಸ್ಟ್, ರೈಟ್-ಟೆಕ್ಸ್ಟ್ ಮುಂದಿನ ವರ್ಷದ 3.5ರಲ್ಲಿ ಸೇರಿದವು. ಇವೆರಡೂ ಒಳಗೊಳಗೇ ವಿತ್ ಬಳಸುತ್ತವೆ, ಹಾಗಾಗಿ ಮುಚ್ಚುವ ವಿಷಯದಲ್ಲಿ ವಿತ್‌ನಷ್ಟೇ ಭದ್ರ. ಸೆಟ್ಟಿಂಗ್ಸ್ ಫೈಲ್, ಪತ್ರದ ಟೆಂಪ್ಲೇಟ್, ಸಣ್ಣ ಜೇಸನ್, ಒಂದು ಅಧ್ಯಾಯದಷ್ಟು ಪಠ್ಯ, ಇಂಥದ್ದನ್ನು ಓದಲು ಬೇರೇನನ್ನೂ ಹುಡುಕಬೇಡಿ. ನಾನಂತೂ ಓದುವುದಕ್ಕೆ ಮೊದಲು ಕೈ ಹಾಕುವುದೇ ಇದಕ್ಕೆ.

ರೈಟ್-ಟೆಕ್ಸ್ಟ್ ಬಳಸುವಾಗ ನೆನಪಿರಬೇಕಾದ್ದು: ಅದು ಸೇರಿಸುವುದಿಲ್ಲ, ಇದ್ದದ್ದನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ಕೊನೆಗೆ ಸೇರಿಸಬೇಕಿದ್ದರೆ ಅಪೆಂಡ್ ಮೋಡ್‌ನಲ್ಲಿ ಓಪನ್ ಮಾಡಬೇಕು. ಲೂಪಿನೊಳಗೆ ರೈಟ್-ಟೆಕ್ಸ್ಟ್ ಇಟ್ಟರೆ ಕೊನೆಗೆ ಉಳಿಯುವುದು ಕೊನೆಯ ಸಾಲು ಮಾತ್ರ.

ಓದುವಾಗಿನ ಮಿತಿ ಮೆಮೊರಿ. ಇಲ್ಲಿ ಕನ್ನಡ ಪಠ್ಯಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಪೈಥಾನ್ 3.3ರಿಂದೀಚೆಗೆ ಒಂದು ಸ್ಟ್ರಿಂಗನ್ನು ಮೆಮೊರಿಯಲ್ಲಿಡುವಾಗ, ಅದರಲ್ಲಿರುವ ಅತಿ ದೊಡ್ಡ ಸಂಕೇತಕ್ಕೆ ಎಷ್ಟು ಬೈಟ್ ಬೇಕೋ ಅಷ್ಟನ್ನೇ ಎಲ್ಲಕ್ಕೂ ಕೊಡುತ್ತದೆ. ಕನ್ನಡಕ್ಕೆ ಎರಡು ಸಾಕು. ಡಿಸ್ಕ್‌ನಲ್ಲಿ 300 ಎಂಬಿ ಇರುವ ಕನ್ನಡದ ಫೈಲ್ ಸ್ಟ್ರಿಂಗ್ ಆದಾಗ ಸುಮಾರು 200 ಎಂಬಿಗೆ ಇಳಿಯುತ್ತದೆ. ಆದರೆ ಅದರೊಳಗೆ ಎಲ್ಲೋ ಒಂದೇ ಒಂದು ಇಮೋಜಿ ಇದ್ದರೆ ಎಲ್ಲ ಅಕ್ಷರಗಳಿಗೂ ನಾಲ್ಕು ಬೈಟ್ ಆಗಿ ಅದೇ ಪಠ್ಯ 400 ಎಂಬಿ ಮುಟ್ಟುತ್ತದೆ. ಓದುವ ಹೊತ್ತಿನಲ್ಲಿ ಮೂಲ ಬೈಟುಗಳೂ ಜೊತೆಗೇ ಮೆಮೊರಿಯಲ್ಲಿರುತ್ತವೆ. ವಾಟ್ಸಾಪ್ ಮಾತುಕತೆಗಳನ್ನು ಎಕ್ಸ್‌ಪೋರ್ಟ್ ಮಾಡಿ ಒಟ್ಟುಗೂಡಿಸಿದ ಫೈಲ್ ಎಣಿಸಿದ್ದಕ್ಕಿಂತ ಹೆಚ್ಚು ಮೆಮೊರಿ ತಿನ್ನುವುದರ ಗುಟ್ಟು ಇದು.

ಆದ್ದರಿಂದ ಫೈಲ್ ಎಷ್ಟು ಬೆಳೆಯಬಹುದು ಎಂದು ಮುಂಚೆ ಗೊತ್ತಿಲ್ಲದಿದ್ದರೆ ವಿತ್ ಒಳಗೆ ಫಾರ್ ಲೂಪ್ ಹಾಕಿ ಸಾಲು ಸಾಲಾಗಿ ಓದುವುದೇ ಸರಿ. ಫೈಲ್ ಎರಡು ಜಿಬಿ ಇದ್ದರೂ ಮೆಮೊರಿಯಲ್ಲಿರುವುದು ಒಂದು ಸಾಲು, ಜೊತೆಗೊಂದು ಸಣ್ಣ ಬಫರ್. ರೀಡ್‌ಲೈನ್ಸ್ ಹೆಸರು ನೋಡಿ ಮೋಸಹೋಗಬೇಡಿ, ಅದು ಎಲ್ಲ ಸಾಲುಗಳನ್ನೂ ಒಮ್ಮೆಗೇ ಲಿಸ್ಟಿಗೆ ತುಂಬುತ್ತದೆ. ಸಾಲುಗಳೇ ಇಲ್ಲದ ಪಠ್ಯವನ್ನು ಇಷ್ಟಿಷ್ಟು ಅಕ್ಷರ ಎಂದು ತುಂಡು ಮಾಡಿ ಓದುವವರಿಗೆ ಇನ್ನೊಂದು ಮಾತು. ಟೆಕ್ಸ್ಟ್ ಮೋಡ್‌ನಲ್ಲಿ ಪೈಥಾನ್ ಮೂರು ಬೈಟುಗಳ ನಡುವೆ ಕತ್ತರಿಸುವುದಿಲ್ಲ, ಆದರೆ ಒತ್ತಕ್ಷರದ ನಡುವೆ ಕತ್ತರಿಸುತ್ತದೆ. "ಕ್ಷ" ಅದರ ಲೆಕ್ಕದಲ್ಲಿ ಮೂರು ಸಂಕೇತ: ಕ, ವಿರಾಮ ಚಿಹ್ನೆ ("ಕ"ವನ್ನು "ಕ್" ಮಾಡುವ ಗುರುತು), ಷ. ತುಂಡಿನ ಗಡಿ ಅಲ್ಲಿ ಬಿದ್ದರೆ ಒಂದು ತುಂಡು "ಕ್" ಎಂದು ಮುಗಿದು ಮುಂದಿನದು "ಷ" ಎಂದು ಶುರುವಾಗುತ್ತದೆ. ಪದ ಎಣಿಸುವವರು, ಹುಡುಕುವವರು ಗಡಿಯನ್ನು ಖಾಲಿ ಜಾಗಕ್ಕೆ ಹೊಂದಿಸಿಕೊಳ್ಳಬೇಕು.

ಯಾವ ದಾರಿ ಹಿಡಿದರೂ ಎನ್‌ಕೋಡಿಂಗ್ ಬರೆಯಿರಿ

ಓಪನ್ ಇರಲಿ, ರೀಡ್-ಟೆಕ್ಸ್ಟ್ ಇರಲಿ, ಎನ್‌ಕೋಡಿಂಗ್ ಹೇಳದೆ ಬಿಟ್ಟರೆ ಪೈಥಾನ್ ಆ ಯಂತ್ರದ ರೂಢಿಯ ಎನ್‌ಕೋಡಿಂಗ್ ಬಳಸುತ್ತದೆ. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8. ಇಂಗ್ಲಿಷ್ ಸೆಟ್ಟಿಂಗ್ ಇರುವ ವಿಂಡೋಸ್‌ನಲ್ಲಿ ಅದು 1252ನೇ ಕೋಡ್‌ಪೇಜ್, ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಅಕ್ಷರಪಟ್ಟಿ.

ಕನ್ನಡದ ಫೈಲನ್ನು ಅದರ ಕೈಗೆ ಕೊಟ್ಟರೆ ಏನಾಗುತ್ತದೆಂದು ಹತ್ತಿರದಿಂದ ನೋಡೋಣ. "ಕ" ಎಂಬುದು ಯುಟಿಎಫ್-8ರಲ್ಲಿ ಮೂರು ಬೈಟ್. 1252ರ ಪಟ್ಟಿಯಲ್ಲಿ ಆ ಮೂರಕ್ಕೂ ಒಂದೊಂದು ಚಿಹ್ನೆ ಇದೆ, ಹಾಗಾಗಿ ಒಂದು ಅಕ್ಷರದ ಜಾಗದಲ್ಲಿ ಮೂರು ವಿಚಿತ್ರ ಚಿಹ್ನೆಗಳು ಬರುತ್ತವೆ, ಎರರ್ ಬರುವುದಿಲ್ಲ. ಆದರೆ ನಮ್ಮ ವಿರಾಮ ಚಿಹ್ನೆಯ, ಅಂದರೆ "ಕ್" ಎಂಬುದರಲ್ಲಿ "ಕ"ದ ಮೇಲೆ ಕೂರುವ ಆ ಗುರುತಿನ, ಮೂರನೆಯ ಬೈಟ್ 141. ಆ ಸಂಖ್ಯೆಗೆ ಪೈಥಾನ್‌ನ 1252 ಪಟ್ಟಿಯಲ್ಲಿ ಯಾವ ಚಿಹ್ನೆಯೂ ಇಲ್ಲ. ಡೀಕೋಡ್ ಎರರ್ ಬಂದು ಓದುವುದು ಅಲ್ಲಿಗೆ ನಿಲ್ಲುತ್ತದೆ. ಒಂದು ಒತ್ತಕ್ಷರವಾದರೂ ಇಲ್ಲದ ಕನ್ನಡ ಪುಟ ಸಿಗುವುದು ಕಷ್ಟ, ಹಾಗಾಗಿ ನಮಗೆ ಈ ಎರರ್ ಬಹುಬೇಗ ಸಿಗುತ್ತದೆ. ಬೆಂಗಳೂರಿನಲ್ಲಿ ಮ್ಯಾಕ್‌ನಲ್ಲಿ ಬರೆದ ಪ್ರೋಗ್ರಾಂ ಊರಿನ ಶಾಲೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿಲ್ಲ ಎಂದರೆ ಮೊದಲು ಇಲ್ಲಿ ನೋಡಿ.

ಬರೆಯುವಾಗಿನ ಪರಿಣಾಮ ಇನ್ನೂ ಕೆಟ್ಟದ್ದು. 1252ರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ, ಹಾಗಾಗಿ ಎನ್‌ಕೋಡ್ ಎರರ್ ಬರುತ್ತದೆ. ಆದರೆ ಅಷ್ಟು ಹೊತ್ತಿಗೆ ಫೈಲ್ ಬರೆಯುವ ಮೋಡ್‌ನಲ್ಲಿ ತೆರೆದಾಗಿದೆ, ತೆರೆದ ಕ್ಷಣವೇ ಹಳೆಯದು ಅಳಿಸಿಹೋಗಿದೆ. ರೈಟ್-ಟೆಕ್ಸ್ಟ್ ನೀವು ಕೊಟ್ಟದ್ದು ಸ್ಟ್ರಿಂಗ್ ಹೌದೋ ಅಲ್ಲವೋ ಎಂದು ಫೈಲ್ ತೆರೆಯುವ ಮುಂಚೆ ನೋಡುತ್ತದೆ, ಆ ಸ್ಟ್ರಿಂಗ್ ಎನ್‌ಕೋಡ್ ಆಗುತ್ತದೋ ಇಲ್ಲವೋ ಎಂದು ನೋಡುವುದಿಲ್ಲ. ಕೈಗೆ ಸಿಗುವುದು ಸೊನ್ನೆ ಬೈಟಿನ ಫೈಲ್. ವಿತ್ ಇದ್ದರೂ ಇದನ್ನು ತಡೆಯದು. ಖಾಲಿ ಫೈಲನ್ನೂ ಅದು ಅಚ್ಚುಕಟ್ಟಾಗಿ ಮುಚ್ಚುತ್ತದೆ.

ಪೈಥಾನ್ 3.15ರಿಂದ ಎಲ್ಲೆಡೆ ಯುಟಿಎಫ್-8ನ್ನೇ ರೂಢಿಯಾಗಿಸುವುದೆಂದು ತೀರ್ಮಾನವಾಗಿದೆ. ಹಾಗಿದ್ದರೂ ಹಳೆಯ ಆವೃತ್ತಿಗಳು ಬಹುಕಾಲ ಓಡುತ್ತಲೇ ಇರುತ್ತವೆ, ಎನ್‌ಕೋಡಿಂಗ್ ಬರೆಯುವ ಅಭ್ಯಾಸ ಬಿಡಬೇಡಿ. ಎಲ್ಲೆಲ್ಲಿ ಬಿಟ್ಟಿದ್ದೀರಿ ಎಂದು ಹುಡುಕಲು 3.10ರಿಂದ ಎನ್‌ಕೋಡಿಂಗ್ ವಾರ್ನಿಂಗ್ ಎಂಬ ಸೌಲಭ್ಯವೂ ಇದೆ.

ಕನ್ನಡದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಕೊಡುವುದಿದ್ದರೆ ಯುಟಿಎಫ್-8-ಸಿಗ್ ಎಂಬ ಎನ್‌ಕೋಡಿಂಗ್ ಕೊಡಿ. ಅದು ಫೈಲಿನ ತಲೆಯಲ್ಲಿ ಮೂರು ಬೈಟಿನ ಗುರುತು ಇಡುತ್ತದೆ, ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಅದನ್ನು ನೋಡಿ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಜೊತೆಗೆ ಓಪನ್‌ನಲ್ಲಿ ನ್ಯೂಲೈನ್ ಎಂಬುದಕ್ಕೆ ಖಾಲಿ ಸ್ಟ್ರಿಂಗ್ ಕೊಡಿ, ಇಲ್ಲವಾದರೆ ವಿಂಡೋಸ್‌ನಲ್ಲಿ ಸಾಲು ಬಿಟ್ಟು ಸಾಲು ಖಾಲಿ ಬರುತ್ತದೆ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ ಯುನಿಕೋಡೇ ಅಲ್ಲ. ಅದನ್ನು ಯುಟಿಎಫ್-8 ಎಂದು ಓದಹೋದರೆ ಎರರ್ ಬರುವುದು ಸಹಜ, ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ತನ್ನಿ. ಎರರ್ಸ್ ಎಂಬುದಕ್ಕೆ ಇಗ್ನೋರ್ ಕೊಟ್ಟು ಆ ಎರರ್ ಬಾಯಿ ಮುಚ್ಚಿಸಬೇಡಿ. ಅಕ್ಷರಗಳು ಸದ್ದಿಲ್ಲದೆ ಉದುರುತ್ತವೆ, ಯಾವುದು ಉದುರಿತೆಂದು ಆಮೇಲೆ ಹೇಳುವವರಿಲ್ಲ.

ಇರುವ ಫೈಲಿನ ಮೇಲೆ ಬರೆಯುವಾಗ

ಹೊಸ ಫೈಲ್ ಹುಟ್ಟಿಸುವುದಾದರೆ ವಿತ್ ಸಾಕು. ಹಳೆಯದರ ಮೇಲೆ ತಪ್ಪಿ ಬರೆಯಬಾರದು ಎಂದಿದ್ದರೆ ಬರೆಯುವ ಮೋಡ್ ಬದಲು ಎಕ್ಸ್ ಮೋಡ್ ಕೊಡಿ. 3.3ರಲ್ಲಿ ಬಂದದ್ದು, ಫೈಲ್ ಆಗಲೇ ಇದ್ದರೆ ಎರರ್ ಕೊಟ್ಟು ಹಿಂದೆ ಸರಿಯುತ್ತದೆ. ಇಷ್ಟು ಉಪಯುಕ್ತವಾದದ್ದನ್ನು ಬಳಸುವವರು ಕಡಿಮೆ ಎನ್ನುವುದು ಬೇಸರದ ಸಂಗತಿ.

ಇರುವ ಫೈಲನ್ನೇ ತಿದ್ದಬೇಕು, ಅದರಲ್ಲಿರುವುದು ಕಳೆದರೆ ಮತ್ತೆ ಸಿಗದು ಎಂದಾದರೆ, ವಿತ್ ಒಂದನ್ನೇ ನಂಬಬೇಡಿ. ಸಂಘದ ಸದಸ್ಯರ ಪಟ್ಟಿ, ಅಂಗಡಿಯ ಬಾಕಿ ಲೆಕ್ಕ, ನಿಘಂಟಿನ ನಮೂದುಗಳು, ಎಲ್ಲ ಈ ಜಾತಿಯವು. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆಯಿರಿ. ಬ್ಲಾಕ್ ಮುಗಿಯುವ ಮುಂಚೆ ಫ್ಲಶ್ ಮಾಡಿ (ಬಫರಿನಲ್ಲಿರುವುದನ್ನು ಹೊರಗೆ ತಳ್ಳಿ), ಓಎಸ್ ಮಾಡ್ಯೂಲಿನ ಎಫ್‌ಸಿಂಕ್ ಕರೆಯಿರಿ. ಕ್ಲೋಸ್ ಆದ ಮಾತ್ರಕ್ಕೆ ಅಕ್ಷರಗಳು ಡಿಸ್ಕ್ ಸೇರಿದವು ಎಂದಲ್ಲ, ಆಪರೇಟಿಂಗ್ ಸಿಸ್ಟಂನ ಕೈಸೇರಿದವು ಅಷ್ಟೇ. ಎಫ್‌ಸಿಂಕ್ ಡಿಸ್ಕ್‌ವರೆಗೆ ತಳ್ಳುತ್ತದೆ. ಕೊನೆಗೆ ಓಎಸ್ ರಿಪ್ಲೇಸ್ ಕರೆದು ತಾತ್ಕಾಲಿಕ ಫೈಲಿಗೆ ನಿಜವಾದ ಹೆಸರು ಕೊಡಿ. ಒಂದೇ ಫೋಲ್ಡರಿನಲ್ಲಿದ್ದರೆ ಹೆಸರು ಬದಲಾಗುವುದು ಒಂದೇ ಏಟಿಗೆ ಆಗುತ್ತದೆ. ನಡುವೆ ಎಲ್ಲಿ ಕರೆಂಟ್ ಹೋದರೂ ಆ ಹೆಸರಿನಲ್ಲಿ ಹಳೆಯ ಪಟ್ಟಿ ಪೂರ್ತಿ ಇರುತ್ತದೆ, ಇಲ್ಲವೇ ಹೊಸದು ಪೂರ್ತಿ ಇರುತ್ತದೆ. ಮೇಲೆ ಹೇಳಿದ ಎನ್‌ಕೋಡ್ ಎರರ್ ಬಂದರೂ ಹಾಳಾಗುವುದು ತಾತ್ಕಾಲಿಕ ಫೈಲ್ ಮಾತ್ರ. ನಾಲ್ಕೈದು ಸಾಲು ಹೆಚ್ಚು ಬರೆಯಬೇಕಾಗುತ್ತದೆ ನಿಜ. ಒಮ್ಮೆ ಫಂಕ್ಷನ್ ಮಾಡಿಟ್ಟುಕೊಂಡರೆ ಮತ್ತೆ ಯೋಚಿಸಬೇಕಿಲ್ಲ. ಫೈಲಿನ ಪರ್ಮಿಷನ್‌ಗಳು ಹೊಸದಾಗಿ ಬರುತ್ತವೆ ಎಂಬುದನ್ನು ಮಾತ್ರ ಗಮನದಲ್ಲಿಡಿ. ಹಳೆಯವೇ ಬೇಕಿದ್ದರೆ ಶಟಿಲ್‌ನ ಕಾಪಿಮೋಡ್‌ನಿಂದ ನಕಲಿಸಿಕೊಳ್ಳಿ.

ಹಲವು ಫೈಲುಗಳು ಒಟ್ಟಿಗೆ

ಒಂದರಿಂದ ಓದಿ ಇನ್ನೊಂದಕ್ಕೆ ಬರೆಯುವುದಾದರೆ ಒಂದೇ ವಿತ್‌ನಲ್ಲಿ ಅಲ್ಪವಿರಾಮ ಹಾಕಿ ಎರಡನ್ನೂ ತೆರೆಯಬಹುದು. ಸಾಲು ಉದ್ದವಾದರೆ 3.10ರಿಂದ ಆವರಣದೊಳಗೆ ಇಟ್ಟು ಮುರಿಯಬಹುದು. ಎಷ್ಟು ಫೈಲ್ ಎಂದು ಮುಂಚೆ ಗೊತ್ತಿಲ್ಲದಿದ್ದರೆ, ಉದಾಹರಣೆಗೆ ಒಂದು ದೊಡ್ಡ ಪಟ್ಟಿಯನ್ನು ಜಿಲ್ಲೆಗೊಂದರಂತೆ ಒಡೆಯಬೇಕಿದ್ದರೆ, ಕಾಂಟೆಕ್ಸ್ಟ್‌ಲಿಬ್‌ನಲ್ಲಿ ಎಕ್ಸಿಟ್‌ಸ್ಟ್ಯಾಕ್ ಇದೆ. ಹೊಸ ಜಿಲ್ಲೆಯ ಹೆಸರು ಕಂಡಾಗ ಒಂದು ಫೈಲ್ ತೆರೆದು ಅದಕ್ಕೆ ಒಪ್ಪಿಸಿ, ಡಿಕ್ಷನರಿಯಲ್ಲಿ ಇಟ್ಟುಕೊಳ್ಳಿ. ಬ್ಲಾಕ್ ಮುಗಿದಾಗ ಅದು ತೆರೆದ ಕ್ರಮಕ್ಕೆ ತಿರುಗುಮುರುಗಾಗಿ ಎಲ್ಲವನ್ನೂ ಮುಚ್ಚುತ್ತದೆ, ನಡುವೆ ಒಂದನ್ನು ಮುಚ್ಚುವಾಗ ಎರರ್ ಬಂದರೂ ಉಳಿದವನ್ನು ಬಿಡುವುದಿಲ್ಲ. ಕರ್ನಾಟಕದ 31 ಜಿಲ್ಲೆಗಳಿಗೆ ಇದು ಧಾರಾಳ ಸಾಕು. ಅದೇ ಕೆಲಸವನ್ನು ಹಳ್ಳಿಗೊಂದರಂತೆ ಮಾಡಹೊರಟರೆ ಆಗಲೇ ಹೇಳಿದ 1024ರ ಮಿತಿ ಅಡ್ಡ ಬರುತ್ತದೆ. ಆಗ ಮೊದಲು ಪಟ್ಟಿಯನ್ನು ಹಳ್ಳಿಯ ಹೆಸರಿನ ಪ್ರಕಾರ ಜೋಡಿಸಿಕೊಂಡು, ಒಂದು ಹಳ್ಳಿ ಮುಗಿದ ಮೇಲೆ ಅದರ ಫೈಲ್ ಮುಚ್ಚಿ ಮುಂದಿನದನ್ನು ತೆರೆಯಬೇಕು.